ಗಂಟಲುನೋವು, ಕುತ್ತಿಗೆಯ ಗಂಟು, ಬಿಡದ ಸುಸ್ತು: ಗ್ರಂಥಿಜ್ವರ ಕುರಿತ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಆರು ಪತ್ರಗಳು ಒಂದೇ ಕಾಯಿಲೆಯನ್ನು ಕುರಿತು ಕೇಳಿವೆ. ಟೈಫಾಯಿಡ್, ಡೆಂಗಿ, ಮಲೇರಿಯಾ ಎಂದರೆ ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಗ್ರಂಥಿಜ್ವರ ಎಂದರೆ ಹೆಸರೇ ಹೊಸದು. ಹೆಸರು ಗೊತ್ತಿಲ್ಲದ ಕಾರಣಕ್ಕೇ ಈ ಜ್ವರದವರಿಗೆ ಬೇಡದ ಔಷಧ ಧಾರಾಳವಾಗಿ ಸಿಗುತ್ತದೆ, ಬೇಕಾದ ವಿಶ್ರಾಂತಿ ಸಿಗುವುದಿಲ್ಲ. ಆದ್ದರಿಂದ ಈ ಸಂಚಿಕೆಯ ಪುಟವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ 18 ವರ್ಷ. ಮೈಸೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಎಂಜಿನಿಯರಿಂಗ್ ಓದುತ್ತಿದ್ದಾನೆ. ಹತ್ತು ದಿನ ಜ್ವರ, ನೀರು ನುಂಗಲೂ ಆಗದಷ್ಟು ಗಂಟಲುನೋವು, ಕುತ್ತಿಗೆಯ ಎರಡೂ ಕಡೆ ಗಂಟುಗಳು. ವಿಡಾಲ್ ಪರೀಕ್ಷೆ ಪಾಸಿಟಿವ್ ಬಂತೆಂದು ಟೈಫಾಯಿಡ್ ಎಂದರು. ಗಂಟಲಿಗೆಂದು ಮೆಡಿಕಲ್ ಶಾಪಿನಲ್ಲಿ ಅಮಾಕ್ಸಿಸಿಲಿನ್ ಮಾತ್ರೆಯನ್ನೂ ಕೊಟ್ಟರು. ಆರನೆಯ ದಿನ ಮೈಯೆಲ್ಲ ಕೆಂಪು ದದ್ದು ಎದ್ದಿತು. ಈಗ ಬೇರೆ ವೈದ್ಯರು ಗ್ರಂಥಿಜ್ವರ ಎನ್ನುತ್ತಿದ್ದಾರೆ. ಇದು ಎಂತಹ ಕಾಯಿಲೆ? ಗುರುತಿಸುವುದು ಹೇಗೆ? — ಒಬ್ಬ ತಾಯಿ, ಹಾಸನ

ಉತ್ತರ: ನೀವು ಬರೆದಿರುವ ಕ್ರಮವನ್ನು ನೋಡಿದರೆ ಎರಡನೆಯ ವೈದ್ಯರ ಮಾತೇ ಸರಿಯೆಂದು ತೋರುತ್ತದೆ. 1889ರಲ್ಲಿ ಜರ್ಮನಿಯ ಎಮಿಲ್ ಫೈಫರ್ ಎಂಬ ವೈದ್ಯರು ಜ್ವರದ ಜೊತೆಗೆ ಕುತ್ತಿಗೆಯ ಗ್ರಂಥಿಗಳು ಊದಿಕೊಳ್ಳುವುದನ್ನು ಕಂಡು ಈ ಕಾಯಿಲೆಗೆ ಗ್ರಂಥಿಜ್ವರ ಎಂಬರ್ಥದ ಹೆಸರನ್ನಿಟ್ಟರು. ಕಾರಣ ಮಾತ್ರ ಬಹಳ ಕಾಲ ತಿಳಿದಿರಲಿಲ್ಲ. 1964ರಲ್ಲಿ ಆಂಟನಿ ಎಪ್‌ಸ್ಟೀನ್, ಬರ್ಟ್ ಅಚಾಂಗ್ ಮತ್ತು ಇವಾನ್ ಬಾರ್ ಅವರು ಲಂಡನ್ನಿನಲ್ಲಿ, ಉಗಾಂಡದಿಂದ ತರಿಸಿದ ಗಡ್ಡೆಯ ಜೀವಕೋಶಗಳಲ್ಲಿ ಒಂದು ಹೊಸ ವೈರಸ್ಸನ್ನು ಕಂಡರು. ಮುಂದೆ ಕೆಲವೇ ವರ್ಷಗಳಲ್ಲಿ, ಫಿಲಡೆಲ್ಫಿಯಾದ ಹೆನ್ಲೆ ದಂಪತಿಯ ಪ್ರಯೋಗಾಲಯದ ತಂತ್ರಜ್ಞೆಯೊಬ್ಬರಿಗೆ ಗ್ರಂಥಿಜ್ವರ ಬಂದಾಗ, ಅಲ್ಲಿಯವರೆಗೆ ಅವರ ರಕ್ತದಲ್ಲಿ ಇಲ್ಲದಿದ್ದ, ಆ ವೈರಸ್ಸಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು ಹೊಸದಾಗಿ ಕಾಣಿಸಿಕೊಂಡವು. ಎಪ್‌ಸ್ಟೀನ್-ಬಾರ್ ವೈರಸ್ಸೇ ಈ ಜ್ವರದ ಮುಖ್ಯ ಕಾರಣವೆಂದು ತಿಳಿದದ್ದು ಹೀಗೆ. ನಿಮ್ಮ ಲ್ಯಾಬ್ ವರದಿಯಲ್ಲಿ ಇ.ಬಿ.ವಿ. ಎಂದಿರುವುದು ಇದನ್ನೇ, ಇನ್‌ಫೆಕ್ಷಿಯಸ್ ಮಾನೋನ್ಯೂಕ್ಲಿಯೋಸಿಸ್ ಎಂದಿದ್ದರೂ ಅದೇ ಕಾಯಿಲೆ.

ಈ ವೈರಸ್ ಎಂಜಲಿನ ಮೂಲಕ ಹರಡುತ್ತದೆ. ನಮ್ಮಲ್ಲಿ ಹೆಚ್ಚಿನ ಮಕ್ಕಳಿಗೆ ಇದು ಶಾಲೆಗೆ ಸೇರುವ ಮೊದಲೇ, ಅಜ್ಜಿ ಅಗಿದು ಕೊಟ್ಟ ತುತ್ತಿನಲ್ಲೋ ಅಕ್ಕ ತಮ್ಮಂದಿರು ಹಂಚಿಕೊಂಡ ಲೋಟದಲ್ಲೋ ಬಂದು, ಒಂದು ಸಣ್ಣ ನೆಗಡಿಯಂತೆ ಹೋಗಿಬಿಟ್ಟಿರುತ್ತದೆ. ಆ ವಯಸ್ಸಿನಲ್ಲಿ ತಪ್ಪಿಸಿಕೊಂಡವರಿಗೆ ಹದಿನೈದರಿಂದ ಇಪ್ಪತ್ತೈದರ ನಡುವೆ ಬಂದರೆ ಮಾತ್ರ ಈ ಜ್ವರದ ಪೂರ್ಣ ರೂಪ ಕಾಣುತ್ತದೆ. ಚಿಕ್ಕ ಕುಟುಂಬದಲ್ಲಿ ಬೆಳೆದು ಹಾಸ್ಟೆಲು ಸೇರಿದ ಮಕ್ಕಳಲ್ಲಿ ನಾನು ಇದನ್ನು ಹೆಚ್ಚು ಕಾಣುತ್ತಿರುವುದಕ್ಕೆ ಕಾರಣ ಇದೇ ಇರಬೇಕು. ಸೋಂಕು ತಗುಲಿ 4ರಿಂದ 6 ವಾರಗಳ ನಂತರ ಕಾಯಿಲೆ ಹೊರಬೀಳುವುದರಿಂದ ಯಾರಿಂದ ಬಂತೆಂದು ಹುಡುಕುತ್ತಾ ಕುಳಿತುಕೊಳ್ಳುವುದರಲ್ಲಿ ಪ್ರಯೋಜನವಿಲ್ಲ.

ಗುರುತಿಸುವುದು ಹೇಗೆ ಎಂದು ಕೇಳಿದ್ದೀರಿ. ಮೊದಲ ಮೂರು ನಾಲ್ಕು ದಿನ ಮೈಕೈನೋವು, ತಲೆನೋವು, ಊಟ ಸೇರದಿರುವುದು. ಆಮೇಲೆ ಜ್ವರ ಏರಿ ಗಂಟಲು ಕಟ್ಟುತ್ತದೆ. ಟಾರ್ಚ್ ಹಾಕಿ ನೋಡಿದರೆ ಟಾನ್ಸಿಲ್‌ಗಳು ಒಂದಕ್ಕೊಂದು ತಾಗುವಷ್ಟು ಊದಿ, ಅವುಗಳ ಮೇಲೆ ಮಾಸಲು ಬಿಳಿಯ ಪದರ ಕೂತಿರುತ್ತದೆ. ಮೇಲಂಗಳದಲ್ಲಿ ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳಿರಬಹುದು. ಕೆಲವರಿಗೆ ಬೆಳಗ್ಗೆ ಎದ್ದಾಗ ಕಣ್ಣಿನ ರೆಪ್ಪೆ ಬಾತಿರುತ್ತದೆ. ಆದರೆ ನಾನು ಹೆಚ್ಚು ನಂಬುವುದು ಕುತ್ತಿಗೆಯನ್ನು ಮುಟ್ಟಿ ನೋಡುವುದನ್ನು. ಬ್ಯಾಕ್ಟೀರಿಯಾದಿಂದ ಬರುವ ಸಾಮಾನ್ಯ ಗಂಟಲುನೋವಿನಲ್ಲಿ ದವಡೆಯ ಕೆಳಗೆ, ಕುತ್ತಿಗೆಯ ಮುಂಭಾಗದಲ್ಲಿ ಗಂಟು ಸಿಗುತ್ತದೆ. ಗ್ರಂಥಿಜ್ವರದಲ್ಲಿ ಕಿವಿಯ ಹಿಂದಿನಿಂದ ಹೆಗಲಿಗೆ ಇಳಿಯುವ ಹಿಂಭಾಗದ ಸಾಲಿನಲ್ಲೂ, ಎರಡೂ ಕಡೆ, ಕಡಲೆಕಾಳಿನಿಂದ ಗೋಲಿಯಷ್ಟು ದಪ್ಪದ ಗಂಟುಗಳು ಬೆರಳಿಗೆ ಜಾರುತ್ತವೆ. ಇದರ ಜೊತೆಗೆ, ಜ್ವರದ ಪ್ರಮಾಣಕ್ಕೆ ಹೊಂದದಷ್ಟು ಸುಸ್ತು ಇರುತ್ತದೆ. ಮಂಗನಬಾವು ಎಂದು ತಿಳಿದು ಗಂಟಿಗೆ ಲೇಪ ಹಚ್ಚಿಕೊಂಡು ಬರುವವರಿದ್ದಾರೆ. ಮಂಗನಬಾವಿನಲ್ಲಿ ಊದುವುದು ಕಿವಿಯ ಮುಂದಿನ ಮತ್ತು ಕೆಳಗಿನ ಜೊಲ್ಲುಗ್ರಂಥಿ. ಅಲ್ಲಿ ಕೆನ್ನೆಯೇ ತುಂಬಿಕೊಳ್ಳುತ್ತದೆ, ಗಂಟಲಲ್ಲಿ ಬಿಳಿ ಪದರ ಇರುವುದಿಲ್ಲ.

ಈ ಪದರದ ಬಗ್ಗೆ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ನಮ್ಮ ರಾಜ್ಯದಲ್ಲಿ ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಇನ್ನೂ ಸಂಪೂರ್ಣವಾಗಿ ಹೋಗಿಲ್ಲ. ಲಸಿಕೆ ಸರಿಯಾಗಿ ಆಗದ ಮಗುವಿನ ಗಂಟಲಲ್ಲಿ ಬೂದು ಬಣ್ಣದ ದಪ್ಪ ಪೊರೆ ಗಟ್ಟಿಯಾಗಿ ಅಂಟಿಕೊಂಡು, ಕುತ್ತಿಗೆ ಊದಿ, ಉಸಿರಾಟ ಕಷ್ಟವಾಗಿದ್ದರೆ ಅದನ್ನು ಗ್ರಂಥಿಜ್ವರ ಎಂದುಕೊಂಡು ಮನೆಯಲ್ಲಿ ಇಟ್ಟುಕೊಳ್ಳಬಾರದು. ಅದೇ ಗಂಟೆಯಲ್ಲಿ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.

ಇನ್ನು ವಿಡಾಲ್ ಪರೀಕ್ಷೆ. ಟೈಫಾಯಿಡ್ ಹಿಂದೆ ಯಾವಾಗಲೋ ಬಂದಿದ್ದರೆ, ಅದರ ಲಸಿಕೆ ಹಾಕಿಸಿದ್ದರೆ, ಬೇರೆ ಜ್ವರಗಳಲ್ಲಿಯೂ ಈ ಪರೀಕ್ಷೆ ಪಾಸಿಟಿವ್ ಬರಬಹುದು. ಒಂದೇ ಸಲದ ವಿಡಾಲ್ ನೋಡಿ ಟೈಫಾಯಿಡ್ ಎಂದು ತೀರ್ಮಾನಿಸುವುದು ಸರಿಯಲ್ಲ. ಔಷಧ ಆರಂಭಿಸುವ ಮೊದಲು ಮಾಡುವ ರಕ್ತದ ಕಲ್ಚರ್ ಅದಕ್ಕಿಂತ ಹೆಚ್ಚು ನಂಬಲರ್ಹ.

ದದ್ದಿನ ವಿಷಯದಲ್ಲಿ ನಿಮಗೆ ಧೈರ್ಯ ಹೇಳಬಲ್ಲೆ. ನಾನು ವೃತ್ತಿಗೆ ಬಂದ ಹೊಸದರಲ್ಲಿ ಪಾಲಿಟೆಕ್ನಿಕ್ ವಿದ್ಯಾರ್ಥಿಯೊಬ್ಬನ ಗಂಟಲು ನೋಡಿ, ಕುತ್ತಿಗೆಯ ಹಿಂಭಾಗ ಮುಟ್ಟದೆಯೇ, ಆಂಪಿಸಿಲಿನ್ ಬರೆದುಕೊಟ್ಟಿದ್ದೆ. ವಾರ ಕಳೆಯುವುದರೊಳಗೆ ಅವನ ತಂದೆ ಅವನನ್ನು ಕರೆತಂದು, ಅಂಗಿಯ ಗುಂಡಿ ಬಿಚ್ಚಿ ನನ್ನ ಮುಂದೆ ನಿಲ್ಲಿಸಿದರು. ಎದೆಯಿಂದ ತೊಡೆಯವರೆಗೆ ತಾಮ್ರದ ಬಣ್ಣದ ದದ್ದು, ಬೆರಳಿಡಲು ಜಾಗವಿರಲಿಲ್ಲ. ಆ ಹುಡುಗನಿಗೆ ನಾಲ್ಕು ರಾತ್ರಿ ನಿದ್ರೆಯಿಲ್ಲದಂತೆ ಮಾಡಿದ್ದು ಜ್ವರವಲ್ಲ, ನನ್ನ ಆತುರ. ಅಂದಿನಿಂದ ಕುತ್ತಿಗೆಯನ್ನು ಹಿಂದಿನಿಂದ ಮುಟ್ಟದೆ ಯಾವ ಗಂಟಲಿಗೂ ಔಷಧ ಬರೆದಿಲ್ಲ. ಗ್ರಂಥಿಜ್ವರ ಇರುವವರು ಆಂಪಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ತೆಗೆದುಕೊಂಡರೆ ಇಂತಹ ದದ್ದು ಏಳುವುದು ಬಹಳ ಕಾಲದಿಂದ ತಿಳಿದಿರುವ ಸಂಗತಿ. ಹಳೆಯ ವರದಿಗಳಲ್ಲಿ ಹತ್ತು ಮಂದಿಯಲ್ಲಿ ಎಂಟು ಒಂಬತ್ತು ಮಂದಿಗೆ ಎಂದಿದೆ, ಇತ್ತೀಚಿನ ಅಧ್ಯಯನಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ. ಮಾತ್ರೆ ನಿಲ್ಲಿಸಿದರೆ ಅದು ಒಂದು ವಾರದಲ್ಲಿ ಇಳಿಯುತ್ತದೆ. ಬಹುತೇಕರಲ್ಲಿ ಇದು ಜೀವನಪೂರ್ತಿಯ ಪೆನಿಸಿಲಿನ್ ಅಲರ್ಜಿ ಅಲ್ಲ. ಆದರೂ ನಿಮ್ಮ ಮಗನ ದಾಖಲೆಯಲ್ಲಿ ಯಾವ ಔಷಧ, ಎಷ್ಟನೆಯ ದಿನ, ಯಾವ ಕಾಯಿಲೆಯ ನಡುವೆ ಎಂದು ಬರೆಸಿಡಿ. ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ, ಚರ್ಮ ಸುಲಿದರೆ ಅಥವಾ ಬಾಯಿಯಲ್ಲಿ ಹುಣ್ಣೆದ್ದರೆ ಅದು ಬೇರೆಯೇ ವಿಷಯ, ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಪ್ರಶ್ನೆ: ನಮ್ಮ ಮಗಳು ಇಂಗ್ಲೆಂಡಿನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಅಲ್ಲಿನ ವೈದ್ಯರು ಗ್ಲ್ಯಾಂಡುಲರ್ ಫೀವರ್ ಎಂದು ಹೇಳಿ ಒಂದು ಆಂಟಿಬಯಾಟಿಕ್ ಮಾತ್ರೆಯನ್ನಾಗಲಿ ಇಂಜೆಕ್ಷನ್ನನ್ನಾಗಲಿ ಕೊಡದೆ ಮನೆಗೆ ಕಳಿಸಿದ್ದಾರೆ. ಇಲ್ಲಿಂದ ಔಷಧ ಕಳಿಸಬಹುದೇ? — ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ದಯವಿಟ್ಟು ಕಳಿಸಬೇಡಿ. ದೂರದಲ್ಲಿರುವ ಮಗಳು ಫೋನಿನಲ್ಲಿ ಸಣ್ಣ ದನಿಯಲ್ಲಿ ಮಾತನಾಡಿದಾಗ ತಾಯಿಗೆ ಏನಾಗುತ್ತದೆಂದು ನಾನು ಬಲ್ಲೆ. ಆದರೆ ಆ ವೈದ್ಯರು ನಿರ್ಲಕ್ಷ್ಯ ಮಾಡಿಲ್ಲ. ಇದು ವೈರಸ್ಸಿನ ಜ್ವರ, ಆಂಟಿಬಯಾಟಿಕ್‌ಗೆ ಇದರಲ್ಲಿ ಕೆಲಸವಿಲ್ಲ. ಅಸೈಕ್ಲೊವಿರ್‌ನಂತಹ ವೈರಸ್ ನಿರೋಧಕ ಔಷಧಗಳನ್ನು ಪರೀಕ್ಷಿಸಿ ನೋಡಿದ್ದಾರೆ, ರೋಗಿಗೆ ಗಮನಾರ್ಹ ಗುಣ ಕಂಡಿಲ್ಲ. ವೈರಸ್ ಹೊಕ್ಕ ಬಿಳಿ ರಕ್ತಕಣಗಳನ್ನು ನಮ್ಮದೇ ದೇಹದ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಹುಡುಕಿ ನಾಶಮಾಡುವ ಹೋರಾಟದಲ್ಲೇ ಈ ಜ್ವರ, ಊತ, ಸುಸ್ತು ಬಹುಪಾಲು ಹುಟ್ಟುವುದು. ಆದ್ದರಿಂದ ರೋಗನಿರೋಧಕ ಶಕ್ತಿ ಹೆಚ್ಚಿಸುವ ಪುಡಿ ಎಂದು ಮಾರುವುದನ್ನೂ ಕಳಿಸುವ ಅಗತ್ಯವಿಲ್ಲ.

ಅವಳಿಗೆ ಬೇಕಾಗಿರುವುದು ವಿಶ್ರಾಂತಿ, ನೀರು, ಜ್ವರ ಮತ್ತು ನೋವಿಗೆ ಪ್ಯಾರಸಿಟಮಾಲ್. ಈ ಜ್ವರದಲ್ಲಿ ಯಕೃತ್ತಿಗೂ ಸ್ವಲ್ಪ ಬಾವು ಬರುತ್ತದೆ, ಹೆಚ್ಚಿನವರ ರಕ್ತಪರೀಕ್ಷೆಯಲ್ಲಿ ಅದರ ಕಿಣ್ವಗಳು ಏರಿರುತ್ತವೆ. ಆದ್ದರಿಂದ ಪ್ಯಾರಸಿಟಮಾಲ್ ಮಾತ್ರೆಯನ್ನು ವೈದ್ಯರು ಹೇಳಿದ ಮಿತಿಯಲ್ಲೇ ತೆಗೆದುಕೊಳ್ಳಬೇಕು, ನೆಗಡಿಯ ಮಾತ್ರೆಗಳಲ್ಲಿಯೂ ಅದೇ ಔಷಧ ಸೇರಿರುತ್ತದೆ ಎಂಬುದನ್ನು ಮರೆಯಬಾರದು. ಮದ್ಯ ಸಂಪೂರ್ಣ ವರ್ಜ್ಯ. ಹದಿನಾರು ವರ್ಷದೊಳಗಿನ ಮಕ್ಕಳಿಗಾದರೆ ಆಸ್ಪಿರಿನ್ ಕೊಡಲೇಬಾರದು. ಅಮೃತಬಳ್ಳಿಯ ಕಷಾಯ ಒಳ್ಳೆಯದಲ್ಲವೇ ಎಂದು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಅದನ್ನು ದಿನವೂ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ಭಾರತದಲ್ಲೇ ವರದಿಯಾಗಿವೆ. ಯಕೃತ್ತು ಮೊದಲೇ ದಣಿದಿರುವಾಗ ಅದು ಬೇಡ. ಕಣ್ಣು ಹಳದಿಯಾದರೆ ಕಾಮಾಲೆಯ ನಾಟಿ ಔಷಧವೂ ಬೇಡ, ವೈದ್ಯರಿಗೆ ತೋರಿಸಬೇಕು.

ಬಿಸಿನೀರಿಗೆ ಉಪ್ಪು ಹಾಕಿ ದಿನಕ್ಕೆ ನಾಲ್ಕೈದು ಸಲ ಗಂಟಲಿಗೆ ತಾಗುವಂತೆ ಮುಕ್ಕಳಿಸಲಿ. ಪಥ್ಯ ಏನೂ ಇಲ್ಲ. ನುಂಗಲು ಸುಲಭವಾದದ್ದು, ಅಂದರೆ ತಿಳಿಯಾದ ಗಂಜಿ, ಮಜ್ಜಿಗೆ ಅನ್ನ, ರಾಗಿ ಅಂಬಲಿ, ಖಾರವಿಲ್ಲದ ತೊವ್ವೆ, ಅವಳ ಕೋಣೆಯಲ್ಲಿ ಏನು ಸಾಧ್ಯವೋ ಅದು. ಜ್ವರ ಮತ್ತು ಗಂಟಲುನೋವು ಸಾಮಾನ್ಯವಾಗಿ ಎರಡು ವಾರದಲ್ಲಿ ತಗ್ಗುತ್ತವೆ. ನೀವು ಅವಳನ್ನು ದಿನವೂ ಕೇಳಬೇಕಾದದ್ದು ಇಷ್ಟು: ತನ್ನ ಎಂಜಲನ್ನು ನುಂಗಲು ಆಗುತ್ತಿದೆಯೇ, ಉಸಿರಾಡುವಾಗ ಸದ್ದು ಬರುತ್ತಿದೆಯೇ, ಮೂತ್ರ ಸರಿಯಾಗಿ ಹೋಗುತ್ತಿದೆಯೇ. ಟಾನ್ಸಿಲ್ ಊದಿ ಉಸಿರಿನ ದಾರಿ ಕಿರಿದಾದರೆ ಆಸ್ಪತ್ರೆಯಲ್ಲಿ ಸ್ಟೀರಾಯ್ಡ್ ಕೊಡುತ್ತಾರೆ. ಸ್ಟೀರಾಯ್ಡಿಗೆ ಈ ಕಾಯಿಲೆಯಲ್ಲಿ ಜಾಗವಿರುವುದು ಇಂತಹ ಕೆಲವು ಗಂಭೀರ ಸಂದರ್ಭಗಳಲ್ಲಿ ಮಾತ್ರ, ಜ್ವರ ಬೇಗ ಇಳಿಯಲೆಂದು ಹಾಕಿಸಿಕೊಳ್ಳುವುದಕ್ಕಲ್ಲ.

ಪ್ರಶ್ನೆ: ನಾನು ಪಿ.ಯು. ವಿದ್ಯಾರ್ಥಿ, ಕಾಲೇಜು ಕಬಡ್ಡಿ ತಂಡದಲ್ಲಿದ್ದೇನೆ. ಗ್ರಂಥಿಜ್ವರ ಬಂದು ಈಗ ಹದಿನಾರು ದಿನ. ಜ್ವರ ಬಿಟ್ಟಿದೆ, ಚೆನ್ನಾಗಿದ್ದೇನೆ. ಮುಂದಿನ ವಾರ ಜಿಲ್ಲಾ ಮಟ್ಟದ ಪಂದ್ಯ. ವೈದ್ಯರು ಬೇಡ ಎನ್ನುತ್ತಾರೆ. ಒಂದೇ ಪಂದ್ಯ ಆಡಿದರೆ ಏನಾಗುತ್ತದೆ? — ಮಂಡ್ಯ

ಉತ್ತರ: ತಮ್ಮಾ, ಆಡಬೇಡ. ನಾನು ಮೊದಲು ಓದಿದ್ದು ನಿನ್ನ ಪತ್ರವನ್ನು, ಮೊದಲು ಉತ್ತರ ಬರೆದದ್ದೂ ಅದಕ್ಕೇ. ಪುಟ ಅಚ್ಚಾಗುವುದಕ್ಕೆ ಮೊದಲೇ ನಿನಗೆ ಅಂಚೆಯಲ್ಲಿ ಉತ್ತರ ಬಂದಿರುತ್ತದೆ. ಇತರರಿಗೂ ತಿಳಿಯಲೆಂದು ಕಾರಣವನ್ನು ಇಲ್ಲಿ ಬರೆಯುತ್ತೇನೆ.

ಹೊಟ್ಟೆಯ ಎಡಭಾಗದಲ್ಲಿ, ಕೊನೆಯ ಪಕ್ಕೆಲುಬುಗಳ ಮರೆಯಲ್ಲಿ ಗುಲ್ಮ (ಸ್ಪ್ಲೀನ್) ಎಂಬ ಅಂಗ ಇದೆ. ಮಲೇರಿಯಾ ಇದ್ದ ಸೀಮೆಗಳಲ್ಲಿ ಹಳಬರು ಜ್ವರಗಡ್ಡೆ ಎನ್ನುತ್ತಿದ್ದುದು ಊದಿದ ಈ ಗುಲ್ಮವನ್ನೇ. ಗ್ರಂಥಿಜ್ವರ ಬಂದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮುಟ್ಟಿದರೆ ಸಿಗುವಷ್ಟು ಅದು ಊದುತ್ತದೆ; ಸ್ಕ್ಯಾನ್ ಮಾಡಿದರೆ ಇನ್ನೂ ಹೆಚ್ಚು ಮಂದಿಯಲ್ಲಿ ಕಾಣುತ್ತದೆ. ಆರೋಗ್ಯವಾಗಿರುವಾಗ ಪಕ್ಕೆಲುಬಿನ ಕಾವಲಿನಲ್ಲಿರುವ ಗುಲ್ಮ, ಊದಿದಾಗ ಆ ಕಾವಲಿನಿಂದ ಕೆಳಗಿಳಿಯುತ್ತದೆ, ಅದರ ಹೊರಕವಚವೂ ಬಿಗಿದು ತೆಳುವಾಗುತ್ತದೆ. ಕಬಡ್ಡಿಯಲ್ಲಿ ರೈಡರ್‌ನ ಮೇಲೆ ನಾಲ್ಕು ಜನ ಬೀಳುತ್ತಾರೆ, ಸೊಂಟಕ್ಕೆ ಕೈಹಾಕಿ ಎಳೆಯುತ್ತಾರೆ, ಮೊಣಕಾಲು ಹೊಟ್ಟೆಗೆ ತಾಗುತ್ತದೆ. ಅಂತಹ ಒಂದು ಪೆಟ್ಟಿಗೆ ಗುಲ್ಮ ಒಡೆದರೆ ಹೊಟ್ಟೆಯೊಳಗೆ ರಕ್ತ ಸುರಿಯುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ. ಹೀಗಾಗುವುದು ಬಹಳ ಅಪರೂಪ, ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ. ಆದರೆ ಆದವರಲ್ಲಿ ಹೆಚ್ಚಿನವರು ನಿನ್ನಂತಹ ಯುವಕರು, ಹೆಚ್ಚಾಗಿ ಆಗಿರುವುದು ಕಾಯಿಲೆಯ ಮೊದಲ ಮೂರು ವಾರಗಳಲ್ಲಿ, ಅಂದರೆ ಜ್ವರ ಬಿಟ್ಟು ಮೈ ಹಗುರವಾಯಿತು ಎನ್ನಿಸುವ ಇದೇ ದಿನಗಳಲ್ಲಿ. ಪೆಟ್ಟೇ ಬೀಳದೆ, ಭಾರ ಎತ್ತುವಾಗಲೋ ಮಲವಿಸರ್ಜನೆಗೆ ತಿಣುಕುವಾಗಲೋ ಒಡೆದದ್ದೂ ಉಂಟು.

ಕಾಯಿಲೆ ಶುರುವಾದ ದಿನದಿಂದ ಕನಿಷ್ಠ ನಾಲ್ಕು ವಾರ ಕಬಡ್ಡಿ, ಕುಸ್ತಿ, ಫುಟ್‌ಬಾಲ್, ಜಿಮ್ ಯಾವುದೂ ಕೂಡದು. ಕಬಡ್ಡಿಯಂತಹ ಆಟಕ್ಕೆ ನಾನು ಆರು ವಾರ ಕಾಯಿಸುತ್ತೇನೆ, ಮರಳುವ ಮೊದಲು ಹೊಟ್ಟೆ ಮುಟ್ಟಿ ನೋಡುತ್ತೇನೆ, ಸಂಶಯವಿದ್ದರೆ ಸ್ಕ್ಯಾನ್ ಮಾಡಿಸುತ್ತೇನೆ. ಮೂರು ವಾರದ ನಂತರ, ಜ್ವರವಿಲ್ಲದೆ ಸುಸ್ತೂ ಇಳಿದಿದ್ದರೆ, ನಡಿಗೆ ಆಮೇಲೆ ನಿಧಾನದ ಓಟ ಆರಂಭಿಸಬಹುದು. ಮನೆಯವರಿಗೂ ಒಂದು ಮಾತು: ಗ್ಯಾಸ್ ಸಿಲಿಂಡರ್, ನೀರಿನ ಕ್ಯಾನ್, ಗೊಬ್ಬರದ ಮೂಟೆ ಇವನ ಕೈಯಲ್ಲಿ ಎತ್ತಿಸಬೇಡಿ. ಹೊಟ್ಟೆ ನೋಯುತ್ತದೆಂದು ಎಣ್ಣೆ ಹಚ್ಚಿ ನೀವಿಸುವುದಂತೂ ಬೇಡವೇ ಬೇಡ. ಎಡ ಪಕ್ಕೆಯ ಕೆಳಗೆ ಇದ್ದಕ್ಕಿದ್ದಂತೆ ನೋವು ಬಂದರೆ, ಪೆಟ್ಟಾಗದಿದ್ದರೂ ಎಡ ಭುಜದ ತುದಿ ನೋಯತೊಡಗಿದರೆ, ಕಣ್ಣು ಕತ್ತಲಿಟ್ಟು ಬೆವರಿದರೆ, ಕ್ಲಿನಿಕ್ಕಿಗೆ ಹೋಗಿ ಸರದಿಯಲ್ಲಿ ಕೂರಬೇಡಿ. 108ಕ್ಕೆ ಕರೆಮಾಡಿ, ಗ್ರಂಥಿಜ್ವರ ಇತ್ತೆಂದು ತಪ್ಪದೆ ಹೇಳಿ.

ಪ್ರಶ್ನೆ: ಜ್ವರ ಹೋಗಿ ಆರು ವಾರವಾದರೂ ನನ್ನ ತಂಗಿಯ ಕುತ್ತಿಗೆಯಲ್ಲಿ ಒಂದು ಗಂಟು ಉಳಿದಿದೆ. ಪ್ಲೇಟ್‌ಲೆಟ್ ಸ್ವಲ್ಪ ಕಡಿಮೆಯಿತ್ತೆಂದು ಮೊದಲು ಡೆಂಗಿ ಎಂದಿದ್ದರು. ಈಗ ಕ್ಯಾನ್ಸರ್ ಇರಬಹುದೇ ಎಂಬ ಭಯ. ಯಾವ ಪರೀಕ್ಷೆ ಮಾಡಿಸಬೇಕು? — ಧಾರವಾಡ

ಉತ್ತರ: ಪ್ಲೇಟ್‌ಲೆಟ್ ಎಣಿಕೆ ಗ್ರಂಥಿಜ್ವರದಲ್ಲಿಯೂ ಸ್ವಲ್ಪ ಇಳಿಯುತ್ತದೆ. ಆದರೆ ಡೆಂಗಿಯಲ್ಲಿ ಬಿಳಿ ರಕ್ತಕಣಗಳು ಸಾಮಾನ್ಯವಾಗಿ ಇಳಿಯುತ್ತವೆ, ಇಲ್ಲಿ ಹೆಚ್ಚಾಗಿ ಏರುತ್ತವೆ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಲಿಂಫೋಸೈಟ್ ಎಂಬ ಬಗೆಯ ಕಣಗಳಿರುತ್ತವೆ. ಅತ್ಯಂತ ಉಪಯುಕ್ತವಾದ ಮೊದಲ ಪರೀಕ್ಷೆ ದುಬಾರಿಯದ್ದಲ್ಲ: ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪೆರಿಫೆರಲ್ ಸ್ಮಿಯರ್. ಗ್ರಂಥಿಜ್ವರದ ದೊಡ್ಡ ಲಿಂಫೋಸೈಟ್‌ಗಳು ಪಕ್ಕದ ಕೆಂಪು ರಕ್ತಕಣಗಳಿಗೆ ಒತ್ತಿಕೊಂಡು, ಅಂಚು ಕಡುನೀಲಿಯಾಗಿ, ಒದ್ದೆ ಬಟ್ಟೆ ಕಲ್ಲಿನ ಸುತ್ತ ಕೂತ ಹಾಗೆ ಕಾಣುತ್ತವೆ. ನೂರರಲ್ಲಿ ಹತ್ತಕ್ಕಿಂತ ಹೆಚ್ಚು ಕಣಗಳು ಹೀಗಿದ್ದರೆ, ಲಕ್ಷಣಗಳೂ ಹೊಂದಿದರೆ, ಸಂಶಯ ಬಹುಮಟ್ಟಿಗೆ ತೀರುತ್ತದೆ. ಗ್ರಂಥಿಜ್ವರಕ್ಕೆಂದೇ ಇರುವ ಮಾನೋಸ್ಪಾಟ್ ಎಂಬ ತ್ವರಿತ ರಕ್ತಪರೀಕ್ಷೆ ಮೊದಲ ವಾರದಲ್ಲಿ ನಾಲ್ವರಲ್ಲಿ ಒಬ್ಬರಿಗೆ ತಪ್ಪಾಗಿ ನೆಗೆಟಿವ್ ಬರಬಹುದು, ಚಿಕ್ಕ ಮಕ್ಕಳಲ್ಲಂತೂ ನೆಚ್ಚುವಂತಿಲ್ಲ. ಆಗ ಇ.ಬಿ.ವಿ. ಪ್ರತಿಕಾಯಗಳನ್ನು ನೋಡುತ್ತಾರೆ. ಇದೇ ಲಕ್ಷಣಗಳು ಸೈಟೋಮೆಗಾಲೊ ಎಂಬ ಇನ್ನೊಂದು ವೈರಸ್ ಮತ್ತು ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ಸೋಂಕಿನಲ್ಲಿಯೂ ಎಚ್.ಐ.ವಿ.ಯ ಆರಂಭದ ಜ್ವರದಲ್ಲಿಯೂ ಬರುವುದರಿಂದ, ವೈದ್ಯರು ಆ ಪರೀಕ್ಷೆಗಳನ್ನು ಬರೆದರೆ ಅವಮಾನವೆಂದು ತಿಳಿಯಬೇಡಿ. ಗರ್ಭಿಣಿಯರಲ್ಲಿ ಅವು ಬಹಳ ಮುಖ್ಯ.

ಉಳಿದ ಗಂಟಿನ ಬಗ್ಗೆ. ಊದಿದ ಗ್ರಂಥಿಗಳು ಹೆಚ್ಚಿನವರಲ್ಲಿ ಮೂರು ನಾಲ್ಕು ವಾರಗಳಲ್ಲಿ ಕುಗ್ಗುತ್ತವೆ, ಕೆಲವರಲ್ಲಿ ಇನ್ನೂ ಸ್ವಲ್ಪ ತಡವಾಗುತ್ತದೆ. ಮೆತ್ತಗಿದ್ದು, ಬೆರಳಿಗೆ ಜಾರುತ್ತಾ, ವಾರದಿಂದ ವಾರಕ್ಕೆ ಚಿಕ್ಕದಾಗುತ್ತಿದ್ದರೆ ಕಾಯಬಹುದು. ಆದರೆ ನಮ್ಮ ನಾಡಿನಲ್ಲಿ ಕುತ್ತಿಗೆಯ ಗಂಟೆಂದರೆ ಕ್ಷಯವನ್ನು ಮರೆಯುವ ಹಾಗಿಲ್ಲ. ಗಂಟು ಬೆಳೆಯುತ್ತಿದ್ದರೆ, ಗಟ್ಟಿಯಾಗಿದ್ದರೆ, ಕೊರಳೆಲುಬಿನ ಮೇಲಿದ್ದರೆ, ಒಂದಕ್ಕೊಂದು ಅಂಟಿಕೊಂಡಿದ್ದರೆ, ಅಥವಾ ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು ಇದ್ದರೆ ಕಾಯಬಾರದು. ಸೂಜಿಯಿಂದ ಗಂಟಿನ ಸ್ವಲ್ಪ ಅಂಶ ತೆಗೆದು ನೋಡುವ ಎಫ್.ಎನ್.ಎ.ಸಿ. ಪರೀಕ್ಷೆ ಮೊದಲು ಮಾಡಿಸುತ್ತಾರೆ. ಅದರಲ್ಲಿ ತಿಳಿಯದಿದ್ದರೆ ಗಂಟನ್ನೇ ತೆಗೆದು ಪರೀಕ್ಷಿಸಬೇಕಾಗಬಹುದು. ಈ ವೈರಸ್ಸಿಗೂ ಕೆಲವು ವಿರಳ ಕ್ಯಾನ್ಸರ್‌ಗಳಿಗೂ ನಂಟಿರುವುದು ನಿಜ. ಆದರೆ ಪ್ರಪಂಚದ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಈ ವೈರಸ್ಸನ್ನು ಹೊತ್ತವರೇ. ಅವರಲ್ಲಿ ಬಹುಪಾಲು ಜನರಿಗೆ ಅದರಿಂದ ಮುಂದೆ ಏನೂ ಆಗುವುದಿಲ್ಲ. ಆರು ವಾರ ಕಳೆದಿರುವುದರಿಂದ ತಂಗಿಯನ್ನು ಈ ವಾರವೇ ಒಮ್ಮೆ ತೋರಿಸಿ.

ಪ್ರಶ್ನೆ: ದೊಡ್ಡ ಮಗನಿಗೆ ಈ ಜ್ವರ ಬಂದಿದೆ. ಮನೆಯಲ್ಲಿ ಇನ್ನಿಬ್ಬರು ಮಕ್ಕಳಿದ್ದಾರೆ. ಬೇರೆ ಕೋಣೆಯಲ್ಲಿ ಇಡಬೇಕೇ? ಲಸಿಕೆ ಇದೆಯೇ? — ಬಳ್ಳಾರಿ

ಉತ್ತರ: ಲಸಿಕೆ ಇಲ್ಲ, ಬೇರೆ ಕೋಣೆಯೂ ಬೇಡ. ಲೋಟ, ಚಮಚ, ನೀರಿನ ಬಾಟಲಿ, ಹಲ್ಲುಜ್ಜುವ ಬ್ರಷ್ ಮಾತ್ರ ಬೇರೆ ಇರಲಿ. ಎಂಜಲು ಮಾಡಬೇಡ ಎಂಬ ನಮ್ಮ ಮನೆಗಳ ಹಳೆಯ ಮಾತು ಈ ಕಾಯಿಲೆಯ ಮಟ್ಟಿಗೆ ಅಕ್ಷರಶಃ ಸರಿ. ಜ್ವರ ಬಿಟ್ಟ ಮೇಲೂ ತಿಂಗಳುಗಟ್ಟಲೆ ವೈರಸ್ ಜೊಲ್ಲಿನಲ್ಲಿ ಇರುವುದರಿಂದ ಶಾಲೆ ಕಾಲೇಜಿನಿಂದ ಅಷ್ಟು ದಿನ ದೂರವಿಡುವುದು ಸಾಧ್ಯವೂ ಅಲ್ಲ, ಅಗತ್ಯವೂ ಅಲ್ಲ. ಮೈಯಲ್ಲಿ ಶಕ್ತಿ ಬಂದ ಕೂಡಲೇ ಹೋಗಲಿ. ಚಿಕ್ಕವರಿಗೆ ಇದು ಈಗಾಗಲೇ ತಿಳಿಯದಂತೆ ಬಂದು ಹೋಗಿರುವ ಸಾಧ್ಯತೆಯೇ ಹೆಚ್ಚು.

ಪ್ರಶ್ನೆ: ಮೂರು ತಿಂಗಳ ಹಿಂದೆ ಗ್ರಂಥಿಜ್ವರ ಬಂದಿತ್ತು. ಈಗಲೂ ಮಧ್ಯಾಹ್ನವಾದರೆ ಆಫೀಸಿನಲ್ಲಿ ತಲೆ ಎತ್ತಲು ಆಗುವುದಿಲ್ಲ. ಸೋಮಾರಿತನ ಎನ್ನುತ್ತಾರೆ. ರಕ್ತದಲ್ಲಿ ಇ.ಬಿ.ವಿ. ಐಜಿಜಿ ಪಾಸಿಟಿವ್ ಎಂದು ಬಂದಿದೆ. ಕಾಯಿಲೆ ಇನ್ನೂ ಒಳಗೇ ಇದೆಯೇ? — ಬೆಂಗಳೂರು

ಉತ್ತರ: ಐಜಿಜಿ ಎಂಬುದು ಈ ವೈರಸ್ ಒಮ್ಮೆ ನಿಮ್ಮ ದೇಹಕ್ಕೆ ಬಂದಿತ್ತು ಎಂಬುದರ ಗುರುತು. ಅದು ಜೀವನಪೂರ್ತಿ ಪಾಸಿಟಿವ್ ಆಗಿಯೇ ಉಳಿಯುತ್ತದೆ, ಆ ವರದಿಯಿಂದ ಹೆದರಬೇಡಿ, ಮತ್ತೆ ಮತ್ತೆ ಮಾಡಿಸಲೂ ಬೇಡಿ. ವೈರಸ್ ಕೆಲವು ಬಿಳಿ ರಕ್ತಕಣಗಳಲ್ಲಿ ಮಲಗಿರುತ್ತದೆ. ಅದನ್ನು ಹದ್ದಿನಲ್ಲಿಡುವ ಕೆಲಸವನ್ನು ನಿಮ್ಮ ದೇಹ ಮಾಡುತ್ತಲೇ ಇರುತ್ತದೆ.

ನಿಮ್ಮ ಸುಸ್ತು ಸೋಮಾರಿತನವಲ್ಲ. ಈ ಮಾತನ್ನು ನಿಮ್ಮ ಮನೆಯವರಿಗೆ ತೋರಿಸಿ. ಹೆಚ್ಚಿನವರು ಒಂದೆರಡು ತಿಂಗಳಲ್ಲಿ ಮೊದಲಿನಂತಾಗುತ್ತಾರೆ, ಆದರೆ ಸುಮಾರು ಹತ್ತರಲ್ಲಿ ಒಬ್ಬರಿಗೆ ಆರು ತಿಂಗಳ ನಂತರವೂ ದಣಿವು ಉಳಿಯುತ್ತದೆ. ಆದರೂ ಎಲ್ಲವನ್ನೂ ಗ್ರಂಥಿಜ್ವರದ ಲೆಕ್ಕಕ್ಕೆ ಬರೆಯುವ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12, ಯಕೃತ್ತಿನ ಪರೀಕ್ಷೆ ಒಮ್ಮೆ ಆಗಲಿ. ನಿದ್ರೆ ಮತ್ತು ಮನಸ್ಸು ಹೇಗಿದೆ ಎಂಬುದನ್ನೂ ವೈದ್ಯರಿಗೆ ಮುಚ್ಚಿಡದೆ ಹೇಳಿ.

ದಿನವಿಡೀ ಮಲಗಿದರೆ ಮೈ ಇನ್ನಷ್ಟು ಸಡಿಲವಾಗುತ್ತದೆ, ಚೆನ್ನಾಗಿರುವ ದಿನ ಬಾಕಿಯನ್ನೆಲ್ಲ ತೀರಿಸಲು ಹೊರಟರೆ ಮುಂದಿನ ಮೂರು ದಿನ ಏಳಲಾಗುವುದಿಲ್ಲ. ನಾನು ನನ್ನ ರೋಗಿಗಳಿಗೆ ಒಂದು ಸಣ್ಣ ನೋಟುಪುಸ್ತಕ ಇಡಲು ಹೇಳುತ್ತೇನೆ: ಇಂದು ಎಷ್ಟು ನಿಮಿಷ ನಡೆದೆ, ಎಷ್ಟು ಗಂಟೆ ಕೆಲಸ ಮಾಡಿದೆ, ಮರುದಿನ ಬೆಳಗ್ಗೆ ಹೇಗಿತ್ತು. ಮರುದಿನ ಕುಸಿಯದಷ್ಟು ಕೆಲಸ ಎಷ್ಟೆಂದು ಎರಡು ವಾರದಲ್ಲಿ ತಿಳಿಯುತ್ತದೆ. ಅದನ್ನೇ ನಿಮ್ಮ ಇಂದಿನ ಅಳತೆಯಾಗಿ ಇಟ್ಟುಕೊಂಡು, ಬೆಳಗಿನ ನಡಿಗೆಯನ್ನು ವಾರಕ್ಕೆ ಐದೇ ನಿಮಿಷದಂತೆ ಏರಿಸಿ. ಕುಸಿದರೆ ಹಿಂದಿನ ವಾರದ ಅಳತೆಗೆ ಇಳಿಯಿರಿ. ಒಂದು ತಿಂಗಳ ಪುಟಗಳು ತುಂಬಿದ ಮೇಲೆ ಆ ಪುಸ್ತಕವನ್ನು ನಿಮ್ಮ ವೈದ್ಯರಿಗೆ ತೋರಿಸಿ. ಆಫೀಸಿನಲ್ಲಿ ಕೆಲವು ವಾರ ಅರ್ಧ ದಿನದ ಕೆಲಸ ಕೇಳಲು ಪ್ರಮಾಣಪತ್ರ ಬೇಕಾದರೆ, ಅದರ ಆಧಾರದ ಮೇಲೆ ಅವರು ಬರೆದುಕೊಡಬಲ್ಲರು.